ಗೆಳೆಯರ ಜೊತೆ ಮೋಟರ್‌ಹೋಮ್ ರ‍್ಯಾಲಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ರ‍್ಯಾಲಿಗೆ ಹೊರಡುವವರ ಪ್ರಶ್ನೆಗಳಲ್ಲಿ ಅರ್ಧ ಗಾಡಿಯ ಬಗ್ಗೆ, ಇನ್ನರ್ಧ ಗೆಳೆಯರ ಬಗ್ಗೆ ಇರುತ್ತವೆ. ಗಾಡಿಯ ಪ್ರಶ್ನೆಗಳನ್ನು ಎಲ್ಲರೂ ಧೈರ್ಯವಾಗಿ ಕೇಳುತ್ತಾರೆ. ಗೆಳೆಯರ ಪ್ರಶ್ನೆಗಳನ್ನು ಮಾತ್ರ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಇಲ್ಲಿ ಎರಡನ್ನೂ ಸೇರಿಸಿದ್ದೇನೆ. ಬ್ಯಾಟರಿ ಖಾಲಿಯಾದರೆ ಮತ್ತೆ ತುಂಬಿಸಬಹುದು, ಗೆಳೆತನದಲ್ಲಿ ಬಿರುಕು ಬಿಟ್ಟರೆ ಅಷ್ಟು ಸುಲಭವಾಗಿ ಕೂಡುವುದಿಲ್ಲ, ಅಲ್ವಾ?

ರ‍್ಯಾಲಿ ಅಂದರೆ ರೇಸಾ? ಮೆರವಣಿಗೆಯಾ?

ಎರಡೂ ಅಲ್ಲ. ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ) ಇರುವವರು ಒಂದು ಬಯಲಲ್ಲೋ ಕ್ಯಾಂಪ್ ಜಾಗದಲ್ಲೋ ಗಾಡಿ ನಿಲ್ಲಿಸಿಕೊಂಡು ಎರಡು ಮೂರು ದಿನ ಜೊತೆಗೆ ಇರುವುದಕ್ಕೆ ರ‍್ಯಾಲಿ ಎನ್ನುತ್ತಾರೆ. ಓಡಿಸುವುದು ಅಲ್ಲಿಗೆ ತಲುಪುವವರೆಗೆ ಮಾತ್ರ. ತಲುಪಿದ ಮೇಲೆ ಗಾಡಿ ಮನೆಯಾಗುತ್ತದೆ, ಬಯಲು ಓಣಿಯಾಗುತ್ತದೆ.

ಇಂಥ ಕೂಟಗಳು ಹೇಗೆ ಹುಟ್ಟುತ್ತವೆ ಎಂದು ಕೇಳುವವರಿಗೆ ನಾನು ಒಂದು ಪ್ರಸಂಗ ಹೇಳುತ್ತೇನೆ. 1963ರ ಜುಲೈ 20ರಂದು ಅಮೆರಿಕದ ಮೇನ್ ರಾಜ್ಯದಲ್ಲಿ ಖಗ್ರಾಸ ಸೂರ್ಯಗ್ರಹಣ ಕಾಣುವುದಿತ್ತು. ಅದನ್ನು ನೋಡಲು 26 ಕುಟುಂಬಗಳು ತಮ್ಮ ಮನೆಗಾಡಿಗಳಲ್ಲಿ ಹಿಂಕ್ಲಿ ಎಂಬ ಊರಿಗೆ ಬಂದು ಸೇರಿದವು. ಆ ಕೂಟದಲ್ಲೇ ಒಂದು ಸಂಘ ಹುಟ್ಟಿತು. ಅದು ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್. ಗ್ರಹಣ ಕೆಲವು ಕ್ಷಣಗಳಲ್ಲಿ ಮುಗಿಯಿತು. ಸಂಘ ಮಾತ್ರ ಇವತ್ತಿಗೂ ರ‍್ಯಾಲಿ ನಡೆಸುತ್ತಿದೆ.

ಮೊದಲ ಸಲಕ್ಕೆ ದೊಡ್ಡ ರ‍್ಯಾಲಿ ಒಳ್ಳೆಯದಾ, ಚಿಕ್ಕದಾ?

ಚಿಕ್ಕದು. ಇಪ್ಪತ್ತು ಮೂವತ್ತು ಗಾಡಿ ಸೇರುವ ಕಡೆ ಎರಡನೇ ದಿನಕ್ಕೆ ಎಲ್ಲರ ಮುಖ ಪರಿಚಯವಾಗುತ್ತದೆ. ದೊಡ್ಡ ರ‍್ಯಾಲಿಗಳ ಸೊಗಸೇ ಬೇರೆ. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬಾಗೊ ಗಾಡಿಗಳ ಮಾಲೀಕರು ಸೇರುವ ರ‍್ಯಾಲಿಯನ್ನೇ ನೋಡಿ. ಗಾಡಿ ತಯಾರಾಗುವ ಊರಿನಲ್ಲೇ ಗಾಡಿ ಇರುವವರೆಲ್ಲ ಸೇರುತ್ತಾರೆ. ಆದರೆ ಅಷ್ಟು ದೊಡ್ಡ ಕಡೆ ನಿಮ್ಮ ಗೆಳೆಯರ ಗುಂಪು ನಿಮ್ಮೊಳಗೇ ಉಳಿದುಬಿಡುವ ಸಾಧ್ಯತೆ ಜಾಸ್ತಿ. ಹೊಸಬರನ್ನು ಮಾತಾಡಿಸಲು ಚಿಕ್ಕ ಬಯಲೇ ಅನುಕೂಲ.

ಗೆಳೆಯರ ಗಾಡಿ ಪಕ್ಕದಲ್ಲೇ ನಮಗೆ ಜಾಗ ಸಿಗುತ್ತದಾ?

ಕೇಳಿದರೆ ಸಿಗಬಹುದು, ಕೇಳದಿದ್ದರೆ ಖಂಡಿತ ಸಿಗುವುದಿಲ್ಲ. ಹೆಸರು ನೋಂದಾಯಿಸುವಾಗಲೇ ನಿಮ್ಮ ಗುಂಪಿನಲ್ಲಿ ಎಷ್ಟು ಗಾಡಿ, ಯಾರ ಯಾರ ಹೆಸರಿನಲ್ಲಿ, ಪ್ರತಿಯೊಂದರ ಉದ್ದ ಎಷ್ಟು ಎಂದು ಬರೆದು ಕೊಡಿ. ಉದ್ದ ಹೇಳುವುದನ್ನು ಬಹಳ ಜನ ಮರೆಯುತ್ತಾರೆ. ಆರು ಮೀಟರ್ ಗಾಡಿಗೆ ಗುರುತು ಹಾಕಿದ ಜಾಗದಲ್ಲಿ ಎಂಟೂವರೆ ಮೀಟರ್ ಗಾಡಿ ಬಂದು ನಿಂತರೆ ಸಾಲು ಪೂರ್ತಿ ಕೆಡುತ್ತದೆ.

ಇನ್ನೊಂದು ವಿಷಯ. ಹೆಚ್ಚಿನ ಕಡೆ ಬಂದವರನ್ನು ಬಂದ ಕ್ರಮದಲ್ಲೇ ನಿಲ್ಲಿಸುತ್ತಾ ಹೋಗುತ್ತಾರೆ. ಹಾಗಾಗಿ ಪಕ್ಕಪಕ್ಕ ನಿಲ್ಲಬೇಕೆಂದರೆ ಒಟ್ಟಿಗೆ ಗೇಟಿಗೆ ಬರಬೇಕು. ಗೇಟಿಗಿಂತ ಕೆಲವು ಕಿಲೋಮೀಟರ್ ಮೊದಲು, ದೊಡ್ಡ ಗಾಡಿ ನಿಲ್ಲಿಸಲು ಅನುಕೂಲ ಇರುವ ಒಂದು ಕಡೆ ಸೇರಿಕೊಂಡು ಒಟ್ಟಾಗಿ ಒಳಗೆ ಹೋಗಿ. ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಬಂದು, "ನಮ್ಮ ಗೆಳೆಯರಿಗೆ ಜಾಗ ಹಿಡಿದಿದ್ದೇವೆ" ಎಂದು ಕುರ್ಚಿ ಇಟ್ಟುಕೊಂಡು ಕೂರುವುದು ಬೇಡ. ಜಾಗ ತೋರಿಸುವವರು ಸಾಮಾನ್ಯವಾಗಿ ಸಂಬಳಕ್ಕೆ ಬಂದವರಲ್ಲ, ನಿಮ್ಮ ಹಾಗೆಯೇ ಗಾಡಿ ತಂದವರು. ಬಿಸಿಲಲ್ಲಿ ಮಳೆಯಲ್ಲಿ ನಿಂತು ನೂರು ಜನಕ್ಕೆ ಕೈ ತೋರಿಸುತ್ತಾರೆ. ಅವರು ಹೇಳಿದ ಕಡೆ ನಿಲ್ಲಿಸಿ, ಧನ್ಯವಾದ ಹೇಳಿ.

ಎರಡು ಗಾಡಿಗಳ ನಡುವೆ ಬಿಡುವ ಅಂತರವನ್ನು ಮಾತ್ರ ಗೆಳೆತನದ ಲೆಕ್ಕದಲ್ಲಿ ಕಡಿಮೆ ಮಾಡಬೇಡಿ. ಬ್ರಿಟನ್ನಿನಲ್ಲಿ 6 ಮೀಟರ್ ಅಂತರ ಬಿಡುವುದು ರೂಢಿ. ಅದು ಬೆಂಕಿಯ ಲೆಕ್ಕ. ಒಂದು ಗಾಡಿಗೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೆ ಹಬ್ಬಬಾರದು. ಒಳಗಿರುವುದು ಫೋಮು, ಪ್ಲೈವುಡ್ಡು, ಗ್ಯಾಸು. ಹತ್ತಿಕೊಂಡರೆ ಆರಿಸಲು ನಿಮಿಷಗಳೂ ಸಿಗುವುದಿಲ್ಲ.

ರಸ್ತೆಯಲ್ಲಿ ಎಲ್ಲರೂ ಸಾಲಾಗಿ ಒಟ್ಟಿಗೇ ಹೋಗಬೇಕಾ?

ಬೇಡ. ಕೇಳಲು ಚಂದ, ರಸ್ತೆಯಲ್ಲಿ ಕಷ್ಟ. ಐದು ದೊಡ್ಡ ಗಾಡಿಗಳು ಒಂದರ ಹಿಂದೆ ಒಂದು ಅಂಟಿಕೊಂಡು ಹೊರಟರೆ ಹಿಂದಿನಿಂದ ಬರುವ ಕಾರಿನವರಿಗೆ ದಾಟಲು ದಾರಿಯೇ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಗಾಡಿ ತಪ್ಪಿಹೋಗಬಾರದು ಎಂಬ ಆತಂಕದಲ್ಲಿ ಹಿಂದಿನವರು ಸಿಗ್ನಲ್ ಬದಲಾಗುವಾಗ ನುಗ್ಗುತ್ತಾರೆ. ಮೂರೂವರೆ ಟನ್ ಗಾಡಿ ಕಾರಿನ ಹಾಗೆ ತಟ್ಟನೆ ನಿಲ್ಲುವುದಿಲ್ಲ.

ನಾವು ಮಾಡುವುದು ಇಷ್ಟು. ಪ್ರತಿಯೊಬ್ಬರೂ ದಾರಿಯನ್ನು ತಾವೇ ನೋಡಿಕೊಂಡಿರಬೇಕು. ಎರಡು ಗಂಟೆಗೊಮ್ಮೆ ನಿಲ್ಲುವ ಜಾಗಗಳನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳುತ್ತೇವೆ. ನಡುವೆ ಯಾರು ಮುಂದೆ ಯಾರು ಹಿಂದೆ ಎಂಬ ಚಿಂತೆ ಇಲ್ಲ. ಓಡಿಸುವವರು ಫೋನ್ ಮುಟ್ಟುವ ಹಾಗಿಲ್ಲ, ಪಕ್ಕದಲ್ಲಿ ಕೂತವರು ಮಾತ್ರ ಸಂದೇಶ ಕಳಿಸಬೇಕು.

ದಾರಿ ತೋರಿಸುವ ಆ್ಯಪಿನಲ್ಲಿ ನಿಮ್ಮ ಗಾಡಿಯ ಎತ್ತರ, ಅಗಲ, ತೂಕ ತುಂಬಿಸಿ. ಕಾರಿಗೆ ತೋರಿಸುವ ದಾರಿ ಬೇರೆ, ಮೂರು ಮೀಟರ್ ಎತ್ತರದ ಗಾಡಿಯ ದಾರಿ ಬೇರೆ. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಕಣ್ಣಿಗೆ ಬೀಳುವಂತೆ ಅಂಟಿಸಿ. ಚಾವಣಿ ಮೇಲೆ ಸೋಲಾರ್ ಹಲಗೆಯೋ ಆಂಟೆನಾವೋ ಹಾಕಿಸಿದ್ದರೆ ಪುಸ್ತಕದಲ್ಲಿ ಇರುವ ಎತ್ತರವನ್ನು ನಂಬಬೇಡಿ, ಅಳತೆ ಪಟ್ಟಿ ಹಿಡಿದು ನೀವೇ ಅಳೆಯಿರಿ.

ಗೆಳೆಯರ ಹತ್ತಿರ ಗಾಡಿ ಇಲ್ಲ. ನಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗಬಹುದಾ?

ಮೊದಲು ಎರಡು ಲೆಕ್ಕ ನೋಡಿ. ಒಂದು ಸೀಟು, ಇನ್ನೊಂದು ತೂಕ.

ಆರು ಜನ ಮಲಗಬಹುದು ಎಂದ ಮಾತ್ರಕ್ಕೆ ಆರು ಜನ ಪ್ರಯಾಣ ಮಾಡಬಹುದು ಎಂದಲ್ಲ. ಎಷ್ಟೋ ಗಾಡಿಗಳಲ್ಲಿ ಆರು ಹಾಸಿಗೆ ಇದ್ದು, ಸೀಟ್‌ಬೆಲ್ಟ್ ಇರುವ ಸೀಟು ನಾಲ್ಕೇ ಇರುತ್ತವೆ. ಬೆಲ್ಟ್ ಇಲ್ಲದ ಸೋಫಾದಲ್ಲೋ ಹಿಂದಿನ ಹಾಸಿಗೆಯಲ್ಲೋ ಯಾರನ್ನೂ ಕೂರಿಸಿಕೊಂಡು ಓಡಿಸಬೇಡಿ. ಸ್ವಲ್ಪ ದೂರ ತಾನೇ ಎಂಬ ಮಾತೂ ಬೇಡ.

ತೂಕದ ವಿಷಯ ಇನ್ನೂ ಸೂಕ್ಷ್ಮ. ಯುರೋಪಿನಲ್ಲಿ ಸಾಮಾನ್ಯ ಕಾರ್ ಲೈಸೆನ್ಸಿಗೆ ಬಹುಕಾಲದಿಂದ 3,500 ಕಿಲೋ ಮಿತಿ ಇದ್ದುದರಿಂದ ಅಲ್ಲಿನ ಬಹಳಷ್ಟು ಮೋಟರ್‌ಹೋಮ್‌ಗಳು ಆ ಅಂಕಿಯೊಳಗೇ ತಯಾರಾಗಿವೆ. ಖಾಲಿ ಗಾಡಿಯೇ ಮೂರು ಸಾವಿರ ಕಿಲೋ ದಾಟಿದರೆ ನಿಮ್ಮ ಪಾಲಿಗೆ ಎಷ್ಟು ಉಳಿಯಿತು? 100 ಲೀಟರ್ ನೀರು ಎಂದರೆ 100 ಕಿಲೋ. ಇಬ್ಬರು ಗೆಳೆಯರು, ಅವರ ಬ್ಯಾಗು ಸೇರಿ ಇನ್ನೊಂದು 180 ಕಿಲೋ. ಸೈಕಲ್ಲು, ಕುರ್ಚಿ, ಮೇಜು, ಗ್ಯಾಸ್ ಸಿಲಿಂಡರು. ಮಿತಿ ಯಾವಾಗ ದಾಟಿತು ಎಂಬುದೇ ಗೊತ್ತಾಗುವುದಿಲ್ಲ. ಒಮ್ಮೆ ಎಲ್ಲ ಸಾಮಾನು ತುಂಬಿ, ಎಲ್ಲರನ್ನೂ ಕೂರಿಸಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. ಮುಂದಿನ ಗಾಲಿ, ಹಿಂದಿನ ಗಾಲಿಗಳ ಭಾರವನ್ನು ಬೇರೆ ಬೇರೆಯಾಗಿಯೂ ನೋಡಿ. ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮೇಲೆ ಮಿತಿ ಮೀರಿರುತ್ತದೆ. ಹಿಂದೆ ಸೈಕಲ್ ಕಟ್ಟಿದವರಲ್ಲಿ ಇದು ಮಾಮೂಲಿ.

ಗೆಳೆಯರು ಒಂದು ಗಾಡಿಯನ್ನು ಬಾಡಿಗೆಗೆ ತಂದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಖರೀದಿಸುವ ಯೋಚನೆ ಇದ್ದರಂತೂ ರ‍್ಯಾಲಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಎರಡು ರಾತ್ರಿ ಮಲಗಿ ನೋಡಿದ ಮೇಲೆ ತಮಗೆ ಬೇಕಾದದ್ದು ಏನು ಎಂದು ಅವರಿಗೇ ತಿಳಿಯುತ್ತದೆ.

ಬಯಲಲ್ಲಿ ಕರೆಂಟ್ ಇಲ್ಲವಂತೆ. ಮೂರು ದಿನ ಹೇಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇಲ್ಲಿ ಹಾಸಿಗೆ ಎಂದರೆ ಮನೆ ಭಾಗದ ಬ್ಯಾಟರಿ, ಅಂದರೆ ಎಂಜಿನ್ನಿನದಲ್ಲ, ಒಳಗಿನ ದೀಪ, ಪಂಪಿಗೆ ಕರೆಂಟ್ ಕೊಡುವುದು.

100 ಆಂಪ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ) ಲೆಡ್ ಆಸಿಡ್ ಬ್ಯಾಟರಿ ಇದೆ ಎಂದುಕೊಳ್ಳಿ. ಅದರಲ್ಲಿ ನಿಶ್ಚಿಂತೆಯಿಂದ ಬಳಸಬಹುದಾದದ್ದು ಸುಮಾರು ಅರ್ಧ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ 80-90 ಆಂಪ್-ಅವರ್‌ವರೆಗೂ ತೆಗೆಯಬಹುದು. ಎಲ್‌ಇಡಿ ದೀಪ, ನೀರಿನ ಪಂಪು, ಫೋನ್ ಚಾರ್ಜು ಇವೆಲ್ಲ ಹೆಚ್ಚು ತಿನ್ನುವುದಿಲ್ಲ. ತಿನ್ನುವುದು ಬಿಸಿ ಮಾಡುವ ವಸ್ತುಗಳು. 1,000 ವ್ಯಾಟಿನ ಹೇರ್ ಡ್ರೈಯರನ್ನು ಇನ್ವರ್ಟರಿಗೆ ಸಿಕ್ಕಿಸಿದರೆ 12 ವೋಲ್ಟಿನ ಬ್ಯಾಟರಿಯಿಂದ 90 ಆಂಪಿಗಿಂತ ಜಾಸ್ತಿ ಎಳೆಯುತ್ತದೆ. ಲೆಡ್ ಆಸಿಡ್ ಬ್ಯಾಟರಿಗೆ ಅದು ದೊಡ್ಡ ಹೊಡೆತ. ನೀರು ಕಾಯಿಸಲು ಗ್ಯಾಸ್ ಒಲೆ ಇದೆ, ಅದನ್ನೇ ಬಳಸಿ.

ಫ್ರಿಜ್ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಕಂಪ್ರೆಸರ್ ಫ್ರಿಜ್ ಆದರೆ ಅದೇ ನಿಮ್ಮ ಬ್ಯಾಟರಿಯ ದೊಡ್ಡ ಪಾಲುದಾರ. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಆದರೆ ನಿಲ್ಲಿಸಿದಾಗ ಗ್ಯಾಸಿಗೆ ಹಾಕಿ. ಅದರೊಳಗೆ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಇಳಿದು ಸುತ್ತುತ್ತದೆ, ಪಂಪು ಇರುವುದಿಲ್ಲ. ಆದ್ದರಿಂದ ಗಾಡಿ ಓರೆಯಾಗಿ ನಿಂತಿದ್ದರೆ ಫ್ರಿಜ್ ತಣ್ಣಗಾಗುವುದೇ ಇಲ್ಲ. "ಗ್ಯಾಸ್ ಉರಿಯುತ್ತಿದೆ, ಆದರೂ ಕೂಲ್ ಆಗ್ತಿಲ್ಲ" ಎಂದು ಕೇಳುವ ಬಹಳ ಜನರಿಗೆ ನನ್ನ ಮೊದಲ ಉತ್ತರ, ಚಕ್ರದ ಕೆಳಗೆ ದಿಮ್ಮಿ ಇಟ್ಟು ಗಾಡಿ ಸಮ ಮಾಡಿ.

ಕರೆಂಟ್ ಸಂಪರ್ಕ ಇರುವ ರ‍್ಯಾಲಿಯಲ್ಲೂ ಮಿತಿ ಇದ್ದೇ ಇರುತ್ತದೆ. 230 ವೋಲ್ಟಿನಲ್ಲಿ 6 ಆಂಪ್ ಎಂದರೆ 1,380 ವ್ಯಾಟ್. ಹೀಟರ್ ಹಾಕಿ ಜೊತೆಗೆ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ, ಕೆಲವೊಮ್ಮೆ ನಿಮ್ಮದರ ಜೊತೆ ಪಕ್ಕದವರದೂ. ಕೇಬಲನ್ನು ಸುರುಳಿಯಲ್ಲೇ ಬಿಟ್ಟು ಅರ್ಧ ಮಾತ್ರ ಎಳೆದು ಬಳಸಬೇಡಿ. ಸುತ್ತಿದ ಕೇಬಲ್ ಬಿಸಿಯಾಗಿ ಕರಗುತ್ತದೆ. ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಸಡಿಲವಾಗಿ ಹರಡಿ.

ಜನರೇಟರ್ ತರಬಹುದಾ?

ನಿಯಮ ಓದಿ, ಗಂಟೆ ನೋಡಿ. ಅನುಮತಿ ಇದ್ದರೂ ಪಕ್ಕದವರ ಕಿಟಕಿಯ ಕಡೆ ಅದರ ಹೊಗೆ ಹೋಗಬಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಬಯಲಿನ ಬೆಳಗಿನ ನಿಶ್ಶಬ್ದ ಕೆಡಿಸುವಷ್ಟು ಅಗತ್ಯದ ವಸ್ತು ಯಾವುದೂ ಗಾಡಿಯಲ್ಲಿ ಇಲ್ಲ.

ನೀರು ಮತ್ತು ಟಾಯ್ಲೆಟ್ ಹೇಗೆ ನಿಭಾಯಿಸುವುದು?

ಮಿತವಾಗಿ ಬಳಸಿದರೆ ಇಬ್ಬರಿಗೆ ದಿನಕ್ಕೆ 20-25 ಲೀಟರ್ ಸಾಕು. ಸ್ನಾನದಲ್ಲಿ ಮೈ ನೆನೆಸಿಕೊಂಡು ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟು ತೊಳೆದುಕೊಳ್ಳಿ. ಟ್ಯಾಂಕಿಗೆ ಹತ್ತು ಹನ್ನೆರಡು ಲೀಟರಿನ ಕ್ಯಾನಿನಲ್ಲಿ ನೀರು ತಂದು ತುಂಬಬಹುದು. ಸಾಲಿನ ತುದಿಯಿಂದ ಗಾಡಿಯನ್ನೇ ಎಬ್ಬಿಸಿಕೊಂಡು ನಲ್ಲಿಯ ಹತ್ತಿರ ಹೋಗುವ ಕಷ್ಟ ತಪ್ಪುತ್ತದೆ.

ಕ್ಯಾಸೆಟ್ ಟಾಯ್ಲೆಟ್ಟಿನಲ್ಲಿ ಕೊಳೆ ಸೇರುವ, ಹೊರಗೆ ಎಳೆದು ಖಾಲಿ ಮಾಡುವ ಡಬ್ಬಿ ಸಾಮಾನ್ಯವಾಗಿ 17ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ಮೂರು ದಿನ. ಕೆಂಪು ದೀಪ ಬರುವವರೆಗೆ ಕಾಯಬೇಡಿ, ದಿನಕ್ಕೊಮ್ಮೆ ಬೆಳಿಗ್ಗೆ ಬೇಗ ಹೋಗಿ ಖಾಲಿ ಮಾಡಿ ಬನ್ನಿ. ಅದಕ್ಕೆಂದೇ ಗುರುತು ಹಾಕಿದ ಕಡೆ ಮಾತ್ರ ಸುರಿಯಬೇಕು. ಕುಡಿಯುವ ನೀರಿನ ನಲ್ಲಿಯಲ್ಲಿ ಆ ಡಬ್ಬಿಯನ್ನು ಯಾವತ್ತೂ ತೊಳೆಯಬೇಡಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ತಡೆದು ಹೇಳಿದ್ದೇನೆ. ಮಾಡಿದವರು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಾತ್ರೆ ತೊಳೆದ, ಸ್ನಾನದ ಕೊಳೆ ನೀರು ಕೂಡ ಹುಲ್ಲಿಗೆ ಬಿಡುವಂಥದ್ದಲ್ಲ. ಬಯಲು ಯಾರದ್ದೋ ಹೊಲ ಇರಬಹುದು.

ಗ್ಯಾಸ್ ಬಗ್ಗೆ ಭಯ. ಏನು ನೋಡಿಕೊಳ್ಳಬೇಕು?

ಭಯ ಬೇಡ, ಎಚ್ಚರ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಸೇರಿಕೊಳ್ಳುತ್ತದೆ. ಅದಕ್ಕೇ ಗಾಡಿಯ ನೆಲದಲ್ಲಿ, ಸಿಲಿಂಡರ್ ಗೂಡಿನ ತಳದಲ್ಲಿ ಗಾಳಿ ಕಿಂಡಿಗಳಿರುತ್ತವೆ. ಚಳಿ ಬರುತ್ತದೆ ಎಂದು ಅವುಗಳಿಗೆ ಬಟ್ಟೆ ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಚಳಿಗಾಲದ ರ‍್ಯಾಲಿಗೆ ಎಲ್‌ಪಿಜಿಯ ಎರಡು ಬಗೆಗಳಾದ ಪ್ರೊಪೇನ್, ಬ್ಯೂಟೇನ್‌ಗಳಲ್ಲಿ ಪ್ರೊಪೇನೇ ಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರಕ್ಕೆ ಬಂದರೆ ಆವಿಯಾಗುವುದೇ ಇಲ್ಲ, ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ.

ಇನ್ನು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಬರುತ್ತದೆ, ಮಲಗಿದವರು ಏಳುವುದಿಲ್ಲ. ಗೆಳೆಯರೆಲ್ಲ ಸೇರಿದ ಸಂಜೆಯಲ್ಲೇ ಈ ಅಪಾಯ ಜಾಸ್ತಿ. ಹೊರಗೆ ಕೆಂಡ ಮಾಡಿ ಅಡುಗೆ ಮಾಡಿರುತ್ತೀರಿ. ಮಳೆ ಹನಿಯಲು ಶುರುವಾಗುತ್ತದೆ. ಕೆಂಡದ ಒಲೆಯನ್ನು ಆನಿಂಗಿನ (ಗಾಡಿಯ ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಮಾಡು) ಗುಡಾರದೊಳಗೆ ಎಳೆದುಕೊಳ್ಳೋಣ, ಬೆಚ್ಚಗೂ ಇರುತ್ತದೆ ಎಂದು ಯಾರೋ ಹೇಳುತ್ತಾರೆ. ಆಗ ಬೇಡ ಎನ್ನುವವರು ನೀವಾಗಿರಿ. ಉರಿ ಆರಿದ ಕೆಂಡ ಕೂಡ ಗಂಟೆಗಟ್ಟಲೆ ಆ ವಿಷದ ಅನಿಲ ಬಿಡುತ್ತದೆ. ಗಾಡಿಯೊಳಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಹೊರಡುವ ಮುಂಚೆ ಅದರ ಗುಂಡಿ ಒತ್ತಿ ಪರೀಕ್ಷಿಸಿ. ಗೆಳೆಯರ ಗಾಡಿಯಲ್ಲಿ ಇದೆಯಾ ಎಂದೂ ಕೇಳಿ. ಬಾಡಿಗೆ ಗಾಡಿ ತಂದವರನ್ನಂತೂ ಖಂಡಿತ ಕೇಳಿ.

ಒಂದೇ ಗುಂಪಿನವರು ಅಂದಮೇಲೆ ಇಡೀ ದಿನ ಜೊತೆಗೇ ಇರಬೇಕಾ?

ಮೆಲ್ಲಗೆ ಕೇಳುವ ಪ್ರಶ್ನೆ ಎಂದೆನಲ್ಲ, ಇದೇ ಅದು.

ಇರಬೇಕಿಲ್ಲ. ಒಂದೇ ಮನೆ ಬಾಡಿಗೆಗೆ ಹಿಡಿದು ಐದು ಕುಟುಂಬ ಉಳಿಯುವುದಕ್ಕೂ ರ‍್ಯಾಲಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇಲ್ಲಿ ಎಲ್ಲರಿಗೂ ಅವರವರದೇ ಬಾಗಿಲು ಇದೆ. ಸುಸ್ತಾದಾಗ ಒಳಗೆ ಹೋಗಿ ಅದನ್ನು ಮುಚ್ಚಿಕೊಳ್ಳಬಹುದು. ಬಾಗಿಲು ಮುಚ್ಚಿದವರು ಸಿಟ್ಟಾಗಿದ್ದಾರೆ ಎಂದು ಯಾರೂ ತಿಳಿಯಬಾರದು. ನಮ್ಮ ಗುಂಪಿನಲ್ಲಿ ಇದನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಂಡೆವು. ಬಾಗಿಲು ತೆರೆದು ಹೊರಗೆ ಕುರ್ಚಿ ಹಾಕಿದ್ದರೆ ಬರಬಹುದು ಎಂದರ್ಥ. ಕುರ್ಚಿ ಮಡಚಿದ್ದರೆ ಆಮೇಲೆ. ಇಷ್ಟು ಚಿಕ್ಕ ಒಪ್ಪಂದ ಎಷ್ಟು ಮುಜುಗರ ತಪ್ಪಿಸಿದೆ ಎಂದು ಹೇಳಲಾರೆ.

ಅದಕ್ಕೂ ಮುಂಚಿನ ಒಂದು ರ‍್ಯಾಲಿಯಲ್ಲಿ ನಾವು ಇದನ್ನು ಮಾಡಿರಲಿಲ್ಲ. ಬೆಳಗಿನ ತಿಂಡಿಯಿಂದ ರಾತ್ರಿ ಮಲಗುವವರೆಗೆ ಎಲ್ಲವೂ ಒಟ್ಟಿಗೆ. ಎರಡನೇ ದಿನ ಸಂಜೆಗೆ ಒಬ್ಬ ಗೆಳತಿ ಮಾತು ಕಡಿಮೆ ಮಾಡಿದಳು. ನಾವೆಲ್ಲ ಏನಾಯಿತು, ಏನಾಯಿತು ಎಂದು ಇನ್ನೂ ಜಾಸ್ತಿ ಸುತ್ತುವರಿದೆವು. ಅವಳಿಗೆ ಬೇಕಾಗಿದ್ದದ್ದು ಒಂದು ಗಂಟೆ ಸುಮ್ನೆ ಕೂತು ಓದುವುದು ಮಾತ್ರ. ಅದನ್ನು ಕೇಳಲು ಅವಳಿಗೆ ಸಂಕೋಚ, ಕೊಡಲು ನಮಗೆ ತೋಚಲಿಲ್ಲ. ಈಗಲೂ ಅದನ್ನು ನೆನೆದರೆ ಮನಸ್ಸು ಪಿಚ್ಚೆನ್ನುತ್ತದೆ.

ಹಾಗಾಗಿ ನನ್ನ ಸಲಹೆ ಇದು. ದಿನಕ್ಕೆ ಒಂದು ಹೊತ್ತನ್ನು ಎಲ್ಲರಿಗೂ ಎಂದು ಗೊತ್ತು ಮಾಡಿ. ರಾತ್ರಿ ಊಟವೇ ಇರಲಿ. ಉಳಿದ ಹೊತ್ತು ಯಾರು ಎಲ್ಲಿಗಾದರೂ ಹೋಗಲಿ. ಒಬ್ಬರು ಬ್ಯಾಟರಿ ಬಗ್ಗೆ ಮಾತು ಕೇಳಲು ಹೋಗುತ್ತಾರೆ, ಒಬ್ಬರು ನಡೆಯಲು, ಒಬ್ಬರು ನಿದ್ದೆಗೆ. ಸಂಜೆ ಸೇರಿದಾಗ ಹೇಳಿಕೊಳ್ಳಲು ಪ್ರತಿಯೊಬ್ಬರ ಹತ್ತಿರವೂ ಬೇರೆ ಬೇರೆ ಕಥೆ ಇರುತ್ತದೆ. ಇಡೀ ದಿನ ಜೊತೆಗಿದ್ದವರ ಹತ್ತಿರ ಅದು ಎಲ್ಲಿಂದ ಬರಬೇಕು?

ನಮ್ಮ ಗುಂಪು ಬಿಟ್ಟು ಬೇರೆಯವರ ಪರಿಚಯ ಹೇಗೆ ಮಾಡಿಕೊಳ್ಳುವುದು? ನನಗೆ ಸಂಕೋಚ.

ಗಾಡಿಯ ಬಗ್ಗೆ ಒಂದು ಪ್ರಶ್ನೆ ಕೇಳಿ, ಸಾಕು. "ಈ ಶೆಲ್ಫ್ ನೀವೇ ಮಾಡಿದ್ದಾ?" ಎಂದು ಕೇಳಿದರೆ ಮುಂದಿನ ಅರ್ಧ ಗಂಟೆ ನೀವು ಮಾತಾಡಬೇಕಾಗಿಯೇ ಇಲ್ಲ. ಎಷ್ಟೋ ರ‍್ಯಾಲಿಗಳಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಬಾಗಿಲು ತೆರೆದಿಟ್ಟು, ಬಂದವರಿಗೆ ತಮ್ಮ ಗಾಡಿ ತೋರಿಸುತ್ತಾರೆ. ಅದನ್ನು ತಪ್ಪಿಸಬೇಡಿ. ಒಳಗೆ ಹೋಗುವ ಮುಂಚೆ ಶೂ ಬಿಡಬೇಕಾ ಎಂದು ಕೇಳಿ.

ಮೂರು ನಾಲ್ಕು ಗಾಡಿ ಒಟ್ಟಿಗೆ ಬಂದವರು ಗೊತ್ತಿಲ್ಲದೇ ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿಕೊಂಡು ಬೆನ್ನು ಹೊರಗೆ ಮಾಡಿ ಕೂರುತ್ತಾರೆ. ಹೊಸಬರಿಗೆ ಅದು ಗೋಡೆಯ ಹಾಗೆ ಕಾಣುತ್ತದೆ. ವೃತ್ತದ ಒಂದು ಕಡೆ ತೆರೆದಿಡಿ, ಖಾಲಿ ಕುರ್ಚಿ ಒಂದಿರಲಿ. ಒಬ್ಬರೇ ಬಂದವರು ಪ್ರತಿ ರ‍್ಯಾಲಿಯಲ್ಲೂ ಇರುತ್ತಾರೆ, ಅವರನ್ನು ನೀವೇ ಹೋಗಿ ಕರೆಯಿರಿ.

ಎರಡು ಗಾಡಿಗಳ ನಡುವಿನಿಂದ ದಾರಿ ಹತ್ತಿರವಾಗುತ್ತದೆ ಎಂದು ನುಸುಳಿ ಹೋಗಬೇಡಿ. ಅದು ಅವರ ಅಂಗಳ.

ಖರ್ಚು ಹೇಗೆ ಹಂಚಿಕೊಳ್ಳುವುದು?

ಅವರವರ ಇಂಧನ, ಅವರವರ ಜಾಗದ ಹಣ ಅವರವರದು. ಒಟ್ಟಿಗೆ ಮಾಡುವ ಅಡುಗೆಗೆ ಮಾತ್ರ ಮೊದಲ ದಿನವೇ ಎಲ್ಲರೂ ಸಮನಾಗಿ ಒಂದು ಡಬ್ಬಿಗೆ ಹಣ ಹಾಕಿ. ಮುಗಿದರೆ ಮತ್ತೆ ಹಾಕಿ, ಉಳಿದರೆ ಹಂಚಿ. ಕಡಿಮೆ ಖರ್ಚಿನಲ್ಲಿ ಬಂದ ಗೆಳೆಯರು ಗುಂಪಿನಲ್ಲಿದ್ದರೆ ಡಬ್ಬಿಯ ಮೊತ್ತ ಅವರಿಗೆ ಹಗುರ ಎನಿಸುವಷ್ಟೇ ಇರಲಿ.

ಮಳೆ ಬಂದು ಬಯಲೆಲ್ಲ ಕೆಸರಾದರೆ?

ಮುಂದಿನ ಚಕ್ರದಿಂದ ಓಡುವ ಮೋಟರ್‌ಹೋಮ್‌ಗಳೇ ಬಹಳ. ಭಾರವೆಲ್ಲ ಹಿಂದೆ, ಎಳೆಯುವ ಚಕ್ರ ಮುಂದೆ. ಹಸಿ ಹುಲ್ಲಿನ ಮೇಲೆ ಇವು ಬೇಗ ಸಿಕ್ಕಿಕೊಳ್ಳುತ್ತವೆ. ಮಳೆಯ ಸೂಚನೆ ಇದ್ದರೆ ನಿಲ್ಲಿಸುವಾಗಲೇ ಮೂತಿ ಇಳಿಜಾರಿನ ಕಡೆ, ದಾರಿಯ ಕಡೆ ಇರುವಂತೆ ನಿಲ್ಲಿಸಲು ಕೇಳಿಕೊಳ್ಳಿ. ಹೊರಡುವಾಗ ಎರಡನೇ ಗೇರಿನಲ್ಲಿ, ಎಕ್ಸಲರೇಟರ್ ಮೆಲ್ಲಗೆ ಒತ್ತುತ್ತಾ ತೆಗೆಯಿರಿ. ಚಕ್ರ ಸುತ್ತಲು ಶುರುವಾದರೆ ತಕ್ಷಣ ನಿಲ್ಲಿಸಿ. ಇನ್ನೂ ಒತ್ತಿದರೆ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಚಕ್ರದ ಮುಂದೆ ಹಿಡಿತದ ಚಾಪೆ ಹಾಕಿ. ತಳ್ಳುವುದಾದರೆ ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ, ಚಾಪೆ ಹಾರಿ ಬಂದು ಹೊಡೆಯುತ್ತದೆ. ಟ್ರಾಕ್ಟರ್ ಬೇಕೇಬೇಕಾದರೆ ಎಳೆಯುವ ಕೊಂಡಿ ಎಲ್ಲಿದೆ ಎಂದು ನಿಮಗೆ ಗೊತ್ತಿರಲಿ. ಕೆಲವು ಗಾಡಿಗಳಲ್ಲಿ ಅದನ್ನು ಟೂಲ್ ಡಬ್ಬಿಯಿಂದ ತೆಗೆದು ಬಂಪರಿಗೆ ತಿರುಗಿಸಿ ಹಾಕಬೇಕು.

ಆನಿಂಗ್ ಬಿಚ್ಚಿದ್ದರೆ ಒಂದು ಮೂಲೆ ತಗ್ಗಿಸಿ, ನೀರು ಹರಿದುಹೋಗಲಿ. ಗಾಳಿ ಎದ್ದರೆ, ರಾತ್ರಿ ಮಲಗುವಾಗ, ಗಾಡಿ ಬಿಟ್ಟು ಹೊರಟಾಗ ಮಡಚಿಡಿ. ಪಕ್ಕದವರು ಇಲ್ಲದಾಗ ಅವರ ಆನಿಂಗ್ ಹಾರುವಂತಿದ್ದರೆ ಅದನ್ನೂ ಹಿಡಿದುಕೊಳ್ಳಿ. ಅವರೂ ಹಾಗೇ ಮಾಡುತ್ತಾರೆ.

ಮಕ್ಕಳು, ನಾಯಿ ಬರಬಹುದಾ?

ಹೆಚ್ಚಿನ ಕಡೆ ಬರಬಹುದು, ಕೇಳಿಕೊಂಡು ಹೊರಡಿ. ನಾಯಿ ಹಗ್ಗದಲ್ಲಿರಲಿ. ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಅದನ್ನು ಬಿಟ್ಟು ಹೋಗಬೇಡಿ. ಮಕ್ಕಳು ಸೈಕಲ್ ಹತ್ತಿ ಬಯಲೆಲ್ಲ ತಮ್ಮದೇ ಎಂಬ ಹಾಗೆ ಓಡಾಡುತ್ತಾರೆ, ಓಡಾಡಲಿ. ಹಾಗಾಗಿಯೇ ಒಳಗೆ ಗಾಡಿ ಓಡಿಸುವವರು ನಡಿಗೆಯ ವೇಗದಲ್ಲಿ ಬರಬೇಕು.

ಗಾಡಿ ಹಿಂದಕ್ಕೆ ತೆಗೆಯುವಾಗ ಎಲ್ಲರೂ ಒಂದೊಂದು ಹೇಳುತ್ತಾರೆ. ಏನು ಮಾಡಲಿ?

ಒಬ್ಬರೇ ಹೇಳಬೇಕು. ಅವರು ನಿಮ್ಮ ಕನ್ನಡಿಯಲ್ಲಿ ಕಾಣುವ ಕಡೆಯೇ ನಿಲ್ಲಬೇಕು, ಅವರು ಕಾಣದಾದ ಕ್ಷಣ ನೀವು ಗಾಡಿ ನಿಲ್ಲಿಸಬೇಕು. ಕೈ ಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಹಿಂದಿನ ಚಕ್ರದ ಆಚೆ ಉದ್ದ ಜಾಸ್ತಿ ಇರುವ ಗಾಡಿ ತಿರುಗಿಸುವಾಗ ಅದರ ಬಾಲ ವಿರುದ್ಧ ದಿಕ್ಕಿಗೆ ಬೀಸುತ್ತದೆ. ನೀವು ಎಡಕ್ಕೆ ತಿರುಗಿಸುತ್ತೀರಿ, ಬಲಗಡೆ ನಿಂತಿರುವ ಗೆಳೆಯರ ಗಾಡಿಗೆ ತಾಗುತ್ತದೆ. ಮೇಲಿನ ಕೊಂಬೆಯನ್ನೂ ಯಾರಾದರೂ ನೋಡುತ್ತಿರಲಿ.

ಹೊರಡುವ ದಿನ ಏನು ಮರೆಯಬಾರದು?

ಹೊರಡುವ ದಿನವೇ ಹೆಚ್ಚು ತಪ್ಪಾಗುವುದು. ಎಲ್ಲರೂ ಒಬ್ಬರಿಗೊಬ್ಬರು ಕೈ ಬೀಸುತ್ತಾ, ಅಪ್ಪಿಕೊಳ್ಳುತ್ತಾ ಇರುತ್ತಾರೆ. ಗಮನ ಬೇರೆ ಕಡೆ ಇರುತ್ತದೆ. ಒಮ್ಮೆ ನಾನು ಚಾವಣಿಯ ಕಿಟಕಿ ತೆರೆದಿಟ್ಟೇ ಹೊರಟಿದ್ದೆ. ಹತ್ತು ಕಿಲೋಮೀಟರ್ ಆದ ಮೇಲೆ ಗಾಳಿಗೆ ಮುಚ್ಚಳ ಕಿತ್ತು ರಸ್ತೆಗೆ ಬಿತ್ತು. ಹಿಂದೆ ಬೈಕಿನವರು ಯಾರೂ ಇರಲಿಲ್ಲ ಎಂಬುದಷ್ಟೇ ಸಮಾಧಾನ.

ಆವತ್ತಿನಿಂದ ನಮ್ಮ ಗುಂಪಿನಲ್ಲಿ ಒಂದು ಕ್ರಮ ಇದೆ. ಕೈ ಬೀಸುವ ಮುಂಚೆ ನಾನು ನಿಮ್ಮ ಗಾಡಿಯನ್ನು ಸುತ್ತುತ್ತೇನೆ, ನೀವು ನನ್ನದನ್ನು. ಚಾವಣಿಯ ಕಿಟಕಿಗಳು, ಆಂಟೆನಾ, ಮೆಟ್ಟಿಲು, ಕರೆಂಟ್ ಕೇಬಲ್, ಚಕ್ರದ ಕೆಳಗಿನ ದಿಮ್ಮಿ, ಸಿಲಿಂಡರಿನ ವಾಲ್ವು, ಹಿಂದಿನ ಗೂಡಿನ ಬಾಗಿಲು. ಒಳಗೆ ಕಪಾಟಿನ ಚಿಲಕ, ಫ್ರಿಜ್ಜಿನ ಬಾಗಿಲು. ತಮ್ಮ ಗಾಡಿಯಲ್ಲಿ ಕಣ್ಣಿಗೆ ಬೀಳದ್ದು ಗೆಳೆಯರ ಗಾಡಿಯಲ್ಲಿ ತಕ್ಷಣ ಕಾಣುತ್ತದೆ.

ಟೈರಿನ ಗಾಳಿ ಮಾತ್ರ ಮನೆಯಿಂದ ಹೊರಡುವಾಗಲೂ ಇಲ್ಲಿಂದ ಹೊರಡುವಾಗಲೂ ನೋಡಿ. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದು ಜಾಸ್ತಿ, ಹೀಗಾಗಿ ಟೈರು ಸವೆಯುವ ಮುಂಚೆ ಹಳತಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಕೊನೆಗೆ, ಗಾಡಿ ಒಂದಷ್ಟು ಮುಂದೆ ತೆಗೆದು ನಿಲ್ಲಿಸಿ, ಇಳಿದು ಬಂದು ನಿಮ್ಮ ಜಾಗವನ್ನು ಒಂದು ಸಲ ನಡೆದು ನೋಡಿ. ಹುಲ್ಲಿನಲ್ಲಿ ಆನಿಂಗಿನ ಗೂಟ ಉಳಿದಿರುತ್ತದೆ. ಮಕ್ಕಳ ಕಾಲಿಗೆ, ಮುಂದೆ ಬರುವವರ ಟೈರಿಗೆ, ಹುಲ್ಲು ಕತ್ತರಿಸುವ ಯಂತ್ರದ ಅಲಗಿಗೆ ಅದು ಸಿಗುತ್ತದೆ. ಎಷ್ಟು ಗೂಟ ಹೊಡೆದಿದ್ದಿರೋ ಅಷ್ಟನ್ನೂ ಎಣಿಸಿ ಚೀಲಕ್ಕೆ ಹಾಕಿಕೊಂಡು ಹೊರಡಿ.